ಇಬ್ಬರು ಹಾಕಿದ ಉಪ್ಪು

ಜೂನ್ 9

ನಿಮ್ಮನ್ನು ಏನೆಂದು ಕರೆದು ಶುರು ಮಾಡಬೇಕೋ ತಿಳಿಯದೆ ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ಆದ್ದರಿಂದ ಏನೂ ಕರೆಯದೆ ಶುರು ಮಾಡುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ನಾನು ಸೂಜಿಯ ಚಿಕ್ಕಮ್ಮ. ಈ ಮನೆಗೆ ಬಂದು ವರ್ಷವಾಗುತ್ತ ಬಂತು. ನಿಮಗೆ ಫೋನ್ ಮಾಡಿ ನೋಡಿದೆ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟಿರಿ. ಕಾಗದವನ್ನಾದರೂ ಓದುತ್ತೀರೇನೋ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ವಿಷಯ ಡುಮ್ಮನದು. ನೀವು ಬಿಟ್ಟು ಹೋದ ಗಾಜಿನ ತೊಟ್ಟಿಯಲ್ಲಿರುವ ಆ ಕೆಂಪು ಬಿಳಿ ಬಣ್ಣದ ದಪ್ಪ ಮೀನಿಗೆ ಪಕ್ಕೆಯಲ್ಲಿ ಗಾಯವಾಗಿದೆ. ಬೆರಳಿನ ಉಗುರಿನಷ್ಟು ಅಗಲಕ್ಕೆ ಹುರುಪೆ ಎದ್ದು ಹೋಗಿ ಒಳಗಿನ ಕೆಂಪು ಕಾಣುತ್ತಿದೆ. ಅಂಚಿನಲ್ಲಿ ಬಿಳಿ ಹತ್ತಿಯಂಥದ್ದು ಬೆಳೆಯುತ್ತಿದೆ. ಮೂಲೆ ಹಿಡಿದು ಕೂತರೆ ಅಲ್ಲಾಡುವುದಿಲ್ಲ, ಕಾಳು ಹಾಕಿದರೆ ಮೂಸುವುದೂ ಇಲ್ಲ. ಮೀನಿನ ಅಂಗಡಿಯವನನ್ನು ಕೇಳಿದರೆ, "ಅದು ಬಿಡಿ ಮೇಡಂ, ಹೊಸದು ತಗೊಂಡ್ಹೋಗಿ" ಎಂದ. ಸೂಜಿ ಅಂಗಡಿಯಲ್ಲೇ ಅವನ ಮೇಲೆ ಕಿರುಚಾಡಿದಳು. ಅವಳಿಗೆ ಆ ಹೆಸರು ಸುಮ್ಮನೆ ಇಟ್ಟಿದ್ದಲ್ಲ ಎಂದು ಅವತ್ತು ಗೊತ್ತಾಯಿತು.

ಈಗ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು: "ಅಮ್ಮ ಇದ್ದಿದ್ರೆ ಯಾವತ್ತೋ ವಾಸಿ ಮಾಡ್ತಿದ್ಲು." ಇವರು ಬಸ್ ಡಿಪೋದಿಂದ ಬಂದು ಪೇಪರ್ ಹಿಡಿದರೆ ತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಮೀನಿನ ಬಗ್ಗೆ ಏನೇನೂ ತಿಳಿಯದು. ನಿಮಗೆ ತಿಳಿದಿದೆ. ಅವಳಿಗೋಸ್ಕರ ಹೇಳಿಕೊಡಿ.

ಇಂತಿ,
ಸೂಜಿಯ ಚಿಕ್ಕಮ್ಮ


ಜೂನ್ 15

ಕಾಗದ ಬಂತು. ಫೋನ್ ಇಟ್ಟಿದ್ದು ನಿಜ, ಇನ್ನು ಮುಂದೆಯೂ ಇಡುತ್ತೇನೆ. ಆ ಮನೆಯ ಫೋನಿನಲ್ಲಿ ನಿಮ್ಮ "ಹಲೋ" ಕೇಳಿಸಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಕಾಗದವಾದರೆ ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಓದಬಹುದು.

ಇನ್ನೊಂದು ಮಾತು. "ಇವರು" ಎಂದು ಬರೆದಿದ್ದೀರಿ. ಸೂಜಿ ಹುಟ್ಟುವುದಕ್ಕೂ ಮೊದಲಿನಿಂದ ಆ ಮನುಷ್ಯನನ್ನು "ಇವರು" ಎಂದವಳು ನಾನು. ನೀವು ಅನ್ನಬಾರದು ಎಂದಲ್ಲ, ಅನ್ನದೆ ಇನ್ನೇನು ಮಾಡುತ್ತೀರಿ. ನನಗೆ ಬರೆಯುವಾಗ ಮಾತ್ರ "ಸೂಜಿಯ ಅಪ್ಪ" ಎಂದು ಬರೆಯಿರಿ. ಕೈಯೇನೂ ಸವೆದುಹೋಗುವುದಿಲ್ಲ.

ಈಗ ಡುಮ್ಮ. ಮೊದಲು ಅವನನ್ನು ತೊಟ್ಟಿಯಿಂದ ಬೇರೆ ಮಾಡಿ. ಬಚ್ಚಲಮನೆಯ ಅಟ್ಟದ ಮೇಲೆ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ ಇತ್ತು, ನೀವು ಎಸೆದಿರದಿದ್ದರೆ ಅದೇ ಸಾಕು. ಸೋಪು ಮುಟ್ಟಿಸದೆ ಬಿಸಿನೀರಿನಲ್ಲಿ ತೊಳೆಯಿರಿ. ನಲ್ಲಿಯ ನೀರನ್ನು ಹಾಗೇ ಸುರಿಯಬೇಡಿ, ಒಂದು ದಿನ ತೆರೆದಿಟ್ಟ ನೀರು ಬೇಕು. ಗಾಳಿಯ ಪಂಪಿನ ಕೊಳವೆ ಟಬ್ಬಿಗೆ ಬಿಡಿ. ಬಕೆಟ್ ನೀರಿಗೆ ಎರಡು ಚಮಚ ಕಲ್ಲುಪ್ಪು, ಬೇರೆ ಲೋಟದಲ್ಲಿ ಕರಗಿಸಿ ನಿಧಾನಕ್ಕೆ ಹಾಕಬೇಕು. ದಿನ ಬಿಟ್ಟು ದಿನ ಅರ್ಧ ನೀರು ತೆಗೆದು ಹೊಸದು ಹಾಕಿ. ತೆಗೆದಷ್ಟು ನೀರಿಗೆ ಎಷ್ಟೋ ಅಷ್ಟೇ ಉಪ್ಪು, ಇದನ್ನು ಮರೆಯಬೇಡಿ. ಉಪ್ಪು ಆವಿಯಾಗಿ ಹೋಗುವ ವಸ್ತುವಲ್ಲ.

ಗಾಯ ಒರೆಸಬೇಕಾದರೆ ಒದ್ದೆ ಬಟ್ಟೆಯಲ್ಲಿ ಅವನನ್ನು ಹಿಡಿಯಿರಿ. ಕಿವಿರು ನೀರಿನಲ್ಲೇ ಇರಬೇಕು, ಪಕ್ಕೆ ಮಾತ್ರ ಮೇಲೆ. ಹತ್ತಿಯ ತುದಿಗೆ ಕಂದು ಬಣ್ಣದ ಗಾಯದ ಔಷಧ ಅದ್ದಿ ಒಮ್ಮೆ ಒತ್ತಿ ಬಿಟ್ಟುಬಿಡಿ. ಅವನು ಒದ್ದಾಡುತ್ತಾನೆ. ಹೆದರಿ ಕೈ ಬಿಟ್ಟರೆ ಮುಗಿಯಿತು.

ಗಾಯ ಹೇಗಾಯಿತು ಎಂದು ನೀವು ಬರೆದಿಲ್ಲ. ನಾನೇ ಹೇಳುತ್ತೇನೆ. ನೀವು ಬಂದ ಮೇಲೆ ತೊಟ್ಟಿಗೊಂದು ಕರಿ ಮೀನು ತಂದು ಬಿಟ್ಟಿರಂತೆ, ಸೂಜಿ ಹೇಳಿದ್ದಳು. ಹೊಸದಾಗಿ ಬಂದವರಿಗೆ ಜಾಗ ಬೇಕಲ್ಲ, ಇದ್ದವರನ್ನು ಕಚ್ಚಿ ಮೂಲೆಗೆ ತಳ್ಳುತ್ತವೆ. ಅದನ್ನು ಅಂಗಡಿಗೆ ವಾಪಸ್ ಕೊಡಿ.

ಇಂತಿ,
ಸೂಜಿಯ ಹೆತ್ತ ತಾಯಿ


ಜೂನ್ 21

ನಮಸ್ಕಾರ. ಟಬ್ ಎಸೆದಿರಲಿಲ್ಲ. ನೀವು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದೆ.

ನಾನು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತೇನೆ, ನಿಮಗೆ ಗೊತ್ತಿರಬಹುದು. ಸಣ್ಣ ಸ್ಕ್ರೂ ಹಿಡಿಯುವ ಚಿಮಟವನ್ನೂ ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿಯನ್ನೂ ಮನೆಗೆ ತಂದಿದ್ದೆ. ಸೂಜಿ ಟಾರ್ಚ್ ಹಿಡಿದಳು. ಬಿಳಿ ಎಳೆಗಳನ್ನು ಒಂದೊಂದಾಗಿ ಎತ್ತಿ ತೆಗೆದೆ. ಡುಮ್ಮ ಬಾಲದಲ್ಲಿ ಹೊಡೆದು ನನ್ನ ಮುಖಕ್ಕೆಲ್ಲ ನೀರೆರಚಿದ. ಔಷಧ ಒತ್ತಿ ಬಿಟ್ಟಾಗ ಸೂಜಿ, "ಚಿಕ್ಕಮ್ಮಾ, ನಿನ್ನ ಕೈ ಒಂಚೂರೂ ನಡುಗಲ್ಲ ಕಣೇ!" ಎಂದಳು. ಅವಳು ನನ್ನನ್ನು ನೋಡಿ ನಕ್ಕಿದ್ದು ಇದೇ ಮೊದಲು. ನನ್ನ ಖುಷಿಯನ್ನು ನಿಮಗೆ ಬರೆಯುವುದು ಸರಿಯೋ ಅಲ್ಲವೋ ತಿಳಿಯದು, ಆದರೂ ಬರೆದೆ.

ಕರಿ ಮೀನು ಕಚ್ಚಿದ್ದಲ್ಲ. ಟಬ್ಬಿಗೆ ಬಿಡುವ ಮೊದಲು ತೊಟ್ಟಿಯಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದು ತೊಳೆದೆ. ಅದರಲ್ಲಿದ್ದ ಮಣ್ಣಿನ ಆಟಿಕೆ ಕೋಟೆಯ ಬಾಗಿಲಿನ ಅಂಚು ಬ್ಲೇಡಿನ ಹಾಗಿದೆ. ಡುಮ್ಮನ ಎರಡು ಹುರುಪೆಗಳು ಇನ್ನೂ ಅಲ್ಲೇ ಅಂಟಿದ್ದವು. ಬಾಗಿಲಲ್ಲಿ ನುಗ್ಗಲು ಹೋಗಿ ಸಿಕ್ಕಿಹಾಕಿಕೊಂಡು ತರಚಿಕೊಂಡಿದ್ದಾನೆ.

ಆ ಕೋಟೆ ಅವಳ ಹುಟ್ಟುಹಬ್ಬಕ್ಕೆ ನೀವು ಪಾರ್ಸೆಲ್ ಕಳಿಸಿದ್ದು. ಅವಳಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಪಂಪಿನ ಬಾಯಿಗೆ ಸಿಕ್ಕಿ ಗಾಯವಾಯಿತು ಎಂದು ಹೇಳಿ ಕೋಟೆಯನ್ನು ಕಪಾಟಿನ ಮೇಲೆ ಇಟ್ಟಿದ್ದೇನೆ.

ಇಂತಿ,
ಸೂಜಿಯ ಚಿಕ್ಕಮ್ಮ


ಜೂನ್ 27

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಆಮೇಲೆ ಒಂದು ಥಾನು ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿ ಮೇಲ್ವಿಚಾರಕನ ಕೈಯಲ್ಲಿ ಬೈಸಿಕೊಂಡೆ. ಈ ಕಾರ್ಖಾನೆಯಲ್ಲಿ ಊರಿನ ಮಕ್ಕಳಿಗೆಲ್ಲ ಶಾಲೆಯ ಸಮವಸ್ತ್ರ ಕತ್ತರಿಸುವವಳು ನಾನು. ನನ್ನ ಕೈಯೂ ನಡುಗುವುದಿಲ್ಲ, ಗೊತ್ತಿರಲಿ.

ನೀವು ಸುಳ್ಳು ಹೇಳಿ ನನ್ನ ಮಾನ ಉಳಿಸಿದ್ದೀರಿ. ಯಾರು ಕೇಳಿದ್ದರು? ಕೋಟೆ ನನ್ನದೇ ಎಂದು ಅವಳಿಗೆ ಹೇಳಿದ್ದರೆ ಅವಳು ನನ್ನ ಮೇಲೆ ಒಂದು ದಿನ ಸಿಟ್ಟಾಗುತ್ತಿದ್ದಳು, ಆಮೇಲೆ ಮರೆಯುತ್ತಿದ್ದಳು. ಈಗ ನಾನು ನಿಮ್ಮ ಉಪಕಾರ ಹೊತ್ತುಕೊಂಡು ತಿರುಗಬೇಕು. ನೀವು ಕೆಟ್ಟವರಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ನಿಮಗೆ ಗೊತ್ತೇ ಇಲ್ಲ.

ಸೂಜಿ ನಿಮ್ಮನ್ನು "ನೀನು" ಅಂದಳೇ? ಮೊದಲು "ನೀವು" ಅನ್ನುತ್ತಿದ್ದಳು. ಫೋನಿನಲ್ಲಿ ನನ್ನ ಹತ್ತಿರ ನಿಮ್ಮ ವಿಷಯ ಬಂದರೆ "ಅವರು" ಅನ್ನುತ್ತಿದ್ದಳು. ಈಗ "ನಿನ್ನ ಕೈ" ಅಂತೆ, "ಕಣೇ" ಅಂತೆ. ನೀವು ಬೇಕೆಂದೇ ಅದನ್ನು ಬಿಡಿಸಿ ಬರೆದಿರೋ, ಅರಿವಿಲ್ಲದೆ ಬರೆದಿರೋ, ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದಂತೂ ನಿಜ. ಸವತಿ ಮತ್ಸರ ಎಂದರೆ ಗಂಡನ ವಿಷಯಕ್ಕೆ ಬರುವುದು ಎಂದುಕೊಂಡಿದ್ದೆ. ಗಂಡ ಹೋದಾಗ ಇಷ್ಟು ಉರಿದಿರಲಿಲ್ಲ.

ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇಲ್ಲಿಗೆ ಬಂದಾಗ ನನಗಿದ್ದದ್ದು ಇನ್ನಿಬ್ಬರ ಜೊತೆ ಹಂಚಿಕೊಂಡ ಕೋಣೆ, ಅದಕ್ಕೇ ಅವಳನ್ನು ಅಲ್ಲಿ ಬಿಟ್ಟೆ. ಈಗ ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಕಿಟಕಿಯ ಪಕ್ಕ ಅವಳಿಗೆ ಮಂಚ ಹಾಕಿಸಿದ್ದೇನೆ. ದಸರಾ ರಜೆಗೋ ಬೇಸಿಗೆ ರಜೆಗೋ ಬಂದು ಹೋಗುವ ಮಾತಲ್ಲ. ಈ ಅರ್ಧವರ್ಷದ ಪರೀಕ್ಷೆ ಮುಗಿದ ಮೇಲೆ ಅವಳು ನನ್ನ ಹತ್ತಿರವೇ ಇರುತ್ತಾಳೆ. ಅವಳ ಅಪ್ಪ, "ಅವಳು ಯಾರ ಹತ್ರ ಇರ್ತೀನಿ ಅಂತಾಳೋ ಅಲ್ಲಿರ್ಲಿ" ಎಂದಿದ್ದಾರೆ. ನೀವು ಅಡ್ಡ ಬರಬೇಡಿ. ಮೀನು ವಾಸಿ ಮಾಡಿಕೊಟ್ಟು ಮಗಳನ್ನು ಇಟ್ಟುಕೊಳ್ಳುವ ಲೆಕ್ಕಾಚಾರ ಬೇಡ.

ಇಂತಿ,
ಸೂಜಿಯ ಹೆತ್ತ ತಾಯಿ


ಜೂನ್ 27

ನನ್ನ ಸೂಜಿಮಲ್ಲಿಗೆ,

ಹೇಗಿದ್ದೀಯ ಕಂದ? ಜಡೆ ಯಾರು ಹಾಕುತ್ತಾರೆ? ಬಿಗಿಯಾಗಿ ಹಾಕಿದರೆ ತಲೆ ನೋಯುತ್ತದೆ ಎಂದು ಹೇಳು, ಸುಮ್ಮನೆ ಕೂರಬೇಡ. ನಿನ್ನ ಮಂಚಕ್ಕೆ ಹಸಿರು ಹೊದಿಕೆ ಹೊಲಿದಿದ್ದೇನೆ. ಕಿಟಕಿಯಿಂದ ಕೆಳಗೆ ನೋಡಿದರೆ ಸೈಕಲ್ ರಿಪೇರಿ ಮಾಡುವುದು ಕಾಣುತ್ತದೆ, ನಿನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಡುಮ್ಮನ ವಿಷಯಕ್ಕೆ ಒಂದು ಕೆಲಸ ಮಾಡು. ಚಿಕ್ಕಮ್ಮ ಉಪ್ಪು ಸರಿಯಾಗಿ ಹಾಕುತ್ತಾರೋ ಇಲ್ಲವೋ, ಅವರಿಗೆ ಅಭ್ಯಾಸವಿಲ್ಲ ಪಾಪ. ಅವರು ನೀರು ಬದಲಾಯಿಸಿದ ಮಾರನೆಯ ಬೆಳಿಗ್ಗೆ, ಶಾಲೆಗೆ ಹೊರಡುವ ಮೊದಲು, ನೀನೇ ಎರಡು ಚಮಚ ಕಲ್ಲುಪ್ಪು ಕರಗಿಸಿ ಹಾಕು. ಅವರಿಗೆ ಹೇಳಬೇಕಾಗಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ. ನಿನಗೂ ನನಗೂ ಗೊತ್ತಿದ್ದರೆ ಸಾಕು. ಡುಮ್ಮ ವಾಸಿಯಾದರೆ ಅವನನ್ನೂ ಇಲ್ಲಿಗೆ ತರೋಣ.

ನಿನ್ನ
ಅಮ್ಮ


ಜುಲೈ 14

ನಿಮಗೆ ಈ ಸಲ ನಮಸ್ಕಾರ ಬರೆಯುವ ಮನಸ್ಸಿಲ್ಲ.

ಮೊದಲ ವಾರ ಗಾಯ ಕೂಡುತ್ತ ಬಂದಿತ್ತು. ಕೆಂಪು ಮಾಸಿ ಮೇಲೆ ತೆಳುವಾದ ಪೊರೆ ಕಟ್ಟಿತ್ತು. ಡುಮ್ಮ ನನ್ನ ಬೆರಳಿನಿಂದಲೇ ಕಾಳು ತಿಂದಿದ್ದ. ಆಮೇಲೆ ಯಾಕೋ ಇಳಿಮುಖವಾಯಿತು. ರೆಕ್ಕೆ ಮಡಚಿಕೊಂಡ, ಮೈಮೇಲೆಲ್ಲ ಲೋಳೆ ಬಂತು. ಇವತ್ತು ಬೆಳಿಗ್ಗೆ ನೋಡಿದರೆ ಟಬ್ಬಿನಲ್ಲಿ ಒಂದು ಮಗ್ಗುಲಾಗಿ ತೇಲುತ್ತಿದ್ದಾನೆ, ಬಾಯಿ ಮಾತ್ರ ಆಡುತ್ತಿದೆ. ಸೂಜಿಯ ಅಪ್ಪ ಬಂದು ನೋಡಿ, "ಆಯ್ತಲ್ಲ ಬಿಡಿ, ಹಿತ್ತಲಲ್ಲಿ ಗುಂಡಿ ತೋಡ್ತೀನಿ" ಎಂದರು. ಸೂಜಿ ಅವರನ್ನು ಎರಡೂ ಕೈಯಿಂದ ನೂಕಿದಳು.

ನನಗೇನೋ ಅನುಮಾನ ಬಂದು ಟಬ್ಬಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟೆ. ಥೂ ಎಂದು ಉಗಿಯುವಷ್ಟು ಉಪ್ಪು! "ಯಾರು ಹಾಕಿದ್ದು?" ಎಂದು ಕೇಳಿದೆ. ಅವಳು ತನಗೆ ನೀವು ಬರೆದ ಕಾಗದವನ್ನು ತಂದು ನನ್ನ ಕೈಗಿಟ್ಟಳು. ಆಮೇಲೆ ಹೇಳಿದಳು, "ಅಮ್ಮ ಹಾಕು ಅಂದ್ಲು. ನಿನಗೆ ಹೇಳ್ಬೇಡ ಅಂದ್ಲು. ನೀನೂ ಹಾಕ್ತಿದ್ದೆ ಅಂತ ನಂಗೊತ್ತಿತ್ತು. ಆದ್ರೆ ನಾನು ಹಾಕಿಲ್ಲ ಅಂದ್ರೆ ಅಮ್ಮಂಗೆ ಬೇಜಾರು, ಹಾಕ್ತಿದೀನಿ ಅಂದ್ರೆ ನಿಂಗೆ ಬೇಜಾರು. ನಾನು ಯಾರಿಗೆ ಬೇಡ ಅನ್ಲಿ?"

ಉಪ್ಪು ಆವಿಯಾಗಿ ಹೋಗುವುದಿಲ್ಲ ಎಂದು ನನಗೆ ಪಾಠ ಹೇಳಿದವರು ನೀವು. ನಿಮ್ಮ ಮಗಳ ಕೈಯಲ್ಲೇ ಅವಳ ಮೀನನ್ನು ಉಪ್ಪಿನಕಾಯಿ ಹಾಕಿಸಿದಿರಲ್ಲ!

ನನ್ನದೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನೀವು ಮಂಚದ ವಿಷಯ ಬರೆದ ಮೇಲೆ ನಾನೂ ಪ್ರತಿ ಸಲ ಒಂದು ಚಮಚ ಜಾಸ್ತಿ ಹಾಕಿದೆ. ಬೇಗ ವಾಸಿಯಾಗಲಿ, ನನ್ನ ಕೈಯಲ್ಲೇ ವಾಸಿಯಾಗಲಿ, ಅದನ್ನು ನೋಡಿ ಅವಳು ಇಲ್ಲೇ ಇರುತ್ತೇನೆ ಅನ್ನಲಿ ಎಂಬ ಆಸೆ. ಅವಳಿಗೆ ಜಡೆ ಹಾಕುವವಳು ನಾನು, ಬಿಗಿಯಾಗಿ ಹಾಕುವುದಿಲ್ಲ. ಆ ಮಂಚಕ್ಕೆ ಅವಳನ್ನು ಕಳಿಸಿ ಈ ಮನೆಯಲ್ಲಿ ಪೇಪರ್ ಓದುವ ಮನುಷ್ಯನೊಬ್ಬನ ಎದುರು ನಾನೊಬ್ಬಳೇ ಹೇಗೆ ಕೂರಲಿ?

ಸದ್ಯಕ್ಕೆ ಎರಡು ಚೊಂಬು ಉಪ್ಪಿಲ್ಲದ ನೀರು ಹಾಕಿದ್ದೇನೆ, ಮುಂದೇನು ಮಾಡಬೇಕು? ಬೇಗ ಹೇಳಿ. ಫೋನ್ ಮಾಡಿದರೂ ಸರಿ, ನಾನು ಮಾತಾಡುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಚಿಕ್ಕಮ್ಮ


ಜುಲೈ 19

ನಿನ್ನೆ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ, ಗಡಿಬಿಡಿಯಲ್ಲಿ ನೀವು ಬಿಟ್ಟಿರಬಹುದು. ಎಲ್ಲ ನೀರನ್ನೂ ಒಮ್ಮೆಲೇ ಚೆಲ್ಲಬೇಡಿ, ಆ ಪೆಟ್ಟಿಗೇ ಸತ್ತುಹೋಗುತ್ತಾನೆ. ಒಂದು ಚೊಂಬು ತೆಗೆದು ಒಂದು ಚೊಂಬು ಉಪ್ಪಿಲ್ಲದ ನೀರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಟಬ್ಬಿನ ಮೇಲೆ ಒಂದು ಬಟ್ಟೆ ಹಾಕಿ, ಬೆಳಕು ಕಡಿಮೆಯಿರಲಿ. ಔಷಧ ನಿಲ್ಲಿಸಿ.

ನಾನು ಮಾತು ಮುಗಿಸುವವರೆಗೂ ನೀವು ಉಸಿರೂ ಬಿಡಲಿಲ್ಲ. ಆಮೇಲೆ, "ಸೂಜಿಗೆ ಕೊಡಿ" ಎಂದೆ. ಅವಳು ಬರುವುದಿಲ್ಲ ಎಂದಳು. ನೀವು ರಿಸೀವರ್‌ಗೆ ಕೈ ಅಡ್ಡ ಹಿಡಿದಿರಿ, ಆದರೂ ನನಗೆ ಕೇಳಿಸಿತು. ಅವಳು ನಿಮ್ಮ ಹತ್ತಿರವೂ ಸಿಡುಕಿದಳು, ಅದೂ ಕೇಳಿಸಿತು. ನಿಜ ಹೇಳಲೇ, ನಿಮ್ಮ ಮೇಲೆ ಸಿಡುಕಿದ್ದು ಕೇಳಿ ಒಂದು ಗಳಿಗೆ ಹಾಯೆನಿಸಿತು. ಅದರ ಹಿಂದೆಯೇ ನಾಚಿಕೆಯಾಯಿತು.

ಯಾರದು ಹೆಚ್ಚು ಉಪ್ಪು ಎಂದು ಈಗ ಜಗಳ ಆಡಿ ಪ್ರಯೋಜನವಿಲ್ಲ. ಡುಮ್ಮ ಉಳಿದನೇ ಎಂದು ಒಂದು ಸಾಲು ಬರೆಯಿರಿ.

ಸೂಜಿಯ ತಾಯಿ


ಜುಲೈ 25

ಅಮ್ಮನಿಗೆ ಮತ್ತು ಚಿಕ್ಕಮ್ಮನಿಗೆ,

ಒಂದೇ ಕಾಗದಾನ ಎರಡು ಸಲ ಬರೆದಿದೀನಿ. ಒಬ್ಬರಿಗೊಂದು. ಒಂದಕ್ಷರಾನೂ ಹೆಚ್ಚುಕಮ್ಮಿ ಇಲ್ಲ, ಬೇಕಾದ್ರೆ ಪಕ್ಕಪಕ್ಕ ಇಟ್ಟು ನೋಡ್ಕೊಳ್ಳಿ.

ಡುಮ್ಮ ಸತ್ತಿಲ್ಲ. ನಾನು ಅವನನ್ನ ಮುಚ್ಚಳ ಇರೋ ಬಕೆಟ್‌ನಲ್ಲಿ ಹಾಕ್ಕೊಂಡು ಅತ್ತೆ ಮನೆಗೆ ಬಂದಿದೀನಿ. ಅಪ್ಪಂಗೆ ಹೇಳಿದೆ, ನನ್ನ ತಂಗಿ ಮನೆಗೆ ತಾನೆ, ಹೋಗು ಅಂತ ಅಪ್ಪನೇ ಬಸ್ಸಿಗೆ ಹತ್ತಿಸಿದ್ರು. ಅತ್ತೆ ಅವನನ್ನ ನೋಡಿ, "ಬದುಕಿದ್ರೆ ಬದುಕ್ತಾನೆ, ಅಲ್ಲಿಡು" ಅಂದ್ಲು ಅಷ್ಟೇ. ದಿನಾ ಅರ್ಧ ಮಗ್ ನೀರು ತೆಗೆದು ಬಚ್ಚಲಿಗೆ ಚೆಲ್ಲಿ ಅರ್ಧ ಮಗ್ ಹೊಸದು ಹಾಕ್ತೀವಿ. ಬೇರೆ ಏನೂ ಹಾಕಲ್ಲ. ನೆನ್ನೆ ಅವನು ನೆಟ್ಟಗೆ ನಿಂತ.

ನಾನು ಇಲ್ಲೇ ಇರ್ತೀನಿ. ಸ್ಕೂಲ್ ಬಸ್ ಇಲ್ಲಿಂದಾನೂ ಹೋಗುತ್ತೆ. ಯಾರ ಹತ್ರ ಇರ್ತೀಯ ಅಂತ ಎಲ್ಲರೂ ಕೇಳ್ತಿದ್ರಲ್ಲ, ಅತ್ತೆ ಹತ್ರ ಇರ್ತೀನಿ. ಅತ್ತೆ ಏನೂ ಕೇಳಲ್ಲ.

ಅಮ್ಮಾ, ಹಸಿರು ಹೊದಿಕೆ ಹೊಲಿದಿದೀಯ ಅಂತ ಓದಿ ಖುಷಿ ಆಯ್ತು. ಚಿಕ್ಕಮ್ಮಾ, ಜಡೆ ನೀನು ಹಾಕಿದ್ದೇ ಚೆನ್ನಾಗಿತ್ತು. ಇದನ್ನ ಇಬ್ಬರ ಕಾಗದದಲ್ಲೂ ಬರೆದಿದೀನಿ. ನೋಡೋಕೆ ಬನ್ನಿ, ಆದ್ರೆ ಒಬ್ಬೊಬ್ಬರೇ ಬನ್ನಿ. ಏನೂ ತರಬೇಡಿ.

ಸೂಜಿ


ಸೆಪ್ಟೆಂಬರ್ 2

ನಿಮಗೆ,

ಇಷ್ಟು ದಿನ ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಬರೆಯಲು ಏನಿತ್ತು? ಭಾನುವಾರ ನಾನು ಹೋಗಿ ಬಂದೆ. ಏನೂ ತರಬೇಡಿ ಎಂದಿದ್ದಳು, ಏನೂ ಒಯ್ಯಲಿಲ್ಲ. ಬಸ್ಸಿನಲ್ಲಿ ಕೈ ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಡುಮ್ಮ ಚೆನ್ನಾಗಿದ್ದಾನೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನೆರಳಿನಲ್ಲಿ ಹಳೆಯ ನೀಲಿ ಟಬ್, ಅದರೊಳಗೆ ಅವನು. ಗಾಯವಿದ್ದ ಜಾಗದಲ್ಲಿ ಹುರುಪೆ ಪೂರ್ತಿ ಬಂದಿಲ್ಲ, ಬೆಳ್ಳಗೆ ಒಂದು ಮಚ್ಚೆ ಉಳಿದಿದೆ. ನಾನು ಬಗ್ಗಿದಾಗ ಮೇಲೆ ಬಂದು ಬಾಯಿ ತೆರೆದ. ನನ್ನ ಗುರುತು ಹಿಡಿದ ಎಂದುಕೊಂಡೆ. "ಯಾರು ಬಗ್ಗಿದ್ರೂ ಹಾಗೇ ಬರ್ತಾನೆ" ಎಂದರು ನಮ್ಮ ನಾದಿನಿ.

ನನ್ನ ನಾದಿನಿ ಈಗ ನಿಮ್ಮ ನಾದಿನಿಯೂ ಹೌದು. ಈ ಒಂದು ವಿಷಯದಲ್ಲಿ ನಿಮ್ಮನ್ನು ನೆನೆದರೆ ನನಗೆ ಕನಿಕರವಾಗುತ್ತದೆ. ನಾನು ಆ ಮನೆಯ ಸೊಸೆಯಾಗಿದ್ದಷ್ಟು ಕಾಲವೂ ಆ ಮಹಾತಾಯಿ ನನ್ನ ಜೊತೆ ನಗುನಗುತ್ತ ಎರಡು ಮಾತಾಡಿದ್ದು ನೆನಪಿಲ್ಲ. ಕೋರ್ಟಿನಲ್ಲಿ ಟೈಪ್ ಮಾಡಿ ಮಾಡಿ ಮಾತೂ ಹಾಗೇ ಆಗಿದೆ, ಟಕ್ ಎಂದು ಹೊಡೆದು ಸುಮ್ಮನಾಗುತ್ತಾರೆ. ಮುದ್ದು ಮಾಡಲು ಬರುವುದಿಲ್ಲ, ಕತೆ ಹೇಳಲು ಬರುವುದಿಲ್ಲ. ಅಂಥವರ ಹತ್ತಿರ ನನ್ನ ಮಗಳು ಏನು ಕಂಡಳೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ.

ಅಲ್ಲಿ ಕೂತು ನೋಡಿದೆ. ಸೂಜಿ ಚಾಪೆಯ ಮೇಲೆ ಬೋರಲು ಮಲಗಿ ಓದುತ್ತಿದ್ದಳು. ಅವರು ನೇಲ್ ಕಟರ್ ತಂದು ಪಕ್ಕದಲ್ಲಿ ಕೂತರು. ಇವಳು ಪುಸ್ತಕದಿಂದ ಕಣ್ಣು ಕೀಳದೆ ಒಂದು ಕೈ ಚಾಚಿದಳು. ಅವರು ಏನೂ ಮಾತಾಡದೆ ಒಂದೊಂದೇ ಬೆರಳಿನ ಉಗುರು ತೆಗೆದರು. ಮುಗಿದ ಮೇಲೆ ಇವಳು ಅವರು ಹೇಳದಿದ್ದರೂ ಇನ್ನೊಂದು ಕೈ ಚಾಚಿದಳು. ಕಳೆದ ಸಲ ರಜೆಗೆ ಬಂದಾಗ ನಾನು ಅವಳ ಕೈ ಹಿಡಿದರೆ, "ನಾನೇ ತೆಗ್ಕೋತೀನಿ ಬಿಡಮ್ಮ" ಎಂದು ಎಳೆದುಕೊಂಡಿದ್ದಳು. ನಿಮ್ಮ ಹತ್ತಿರ ಚಾಚುತ್ತಿದ್ದಳೇ? ಇಲ್ಲ ಎಂದು ಬರೆದರೆ ನನಗೆ ಸಮಾಧಾನ, ಹೌದು ಎಂದರೂ ಈಗ ಮೊದಲಿನಷ್ಟು ಉರಿಯುವುದಿಲ್ಲ.

ಆ ಹೆಂಗಸಿನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಲೋಟದ ಚಹಾ ಅಲ್ಲೇ ಬಿಟ್ಟು ಎದ್ದು ಹೊರಗೆ ಹೋಗಿ ಟಬ್ಬಿನ ಹತ್ತಿರ ನಿಂತೆ. ಇದನ್ನು ಯಾರಿಗೆ ಹೇಳಲಿ? ಕಾರ್ಖಾನೆಯಲ್ಲಿ ಹೇಳಿದರೆ, ಸ್ವಂತ ಅತ್ತೆಯ ಮನೆಯಲ್ಲಿ ಮಗು ಸುಖವಾಗಿದೆ, ನಿನಗೇನು ಧಾಡಿ ಎನ್ನುತ್ತಾರೆ. ಈ ಉರಿ ಅರ್ಥವಾಗುವವರು ಈ ಲೋಕದಲ್ಲಿ ಇನ್ನೊಬ್ಬರೇ ಇರುವುದು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಹೊರಡುವಾಗ ಬಸ್ ನಿಲ್ದಾಣದವರೆಗೂ ಬಂದಳು. ಎತ್ತರವಾಗಿದ್ದಾಳೆ. "ಚಿಕ್ಕಮ್ಮ ಹೇಗಿದಾಳೆ?" ಎಂದು ಕೇಳಿದಳು. ಎರಡು ಸಲ ಕೇಳಿದಳು.

ಮುಂದಿನ ಭಾನುವಾರ ನಿಮ್ಮ ಸರದಿಯಂತೆ. ಹೋದಾಗ ಚೆನ್ನಾಗಿ ನೋಡಿಕೊಂಡು ಬನ್ನಿ. ಸರಿಯಾಗಿ ಊಟ ಮಾಡುತ್ತಾಳೋ, ಜಡೆ ಯಾರು ಹಾಕುತ್ತಾರೋ, ಎಲ್ಲವನ್ನೂ ಬರೆಯಿರಿ. ನನ್ನ ಮಾತೆತ್ತುತ್ತಾಳಾ ನೋಡಿ. ಎತ್ತದಿದ್ದರೂ ಎತ್ತಿದಳು ಎಂದೇ ಬರೆಯಿರಿ.

ಇಂತಿ,
ಸೂಜಿಯ ಅಮ್ಮ